ಬಸುರಿಯ ತಲೆನೋವಿಗೆ ಯಾವ ಮಾತ್ರೆ? ಅದಕ್ಕೂ ಮೊದಲು ಬಿಪಿ ನೋಡಿಸಿ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಚೊಚ್ಚಲ ಬಸುರಿ, ಈಗ 24 ವಾರ. ತೂಕ 48 ಕೆ.ಜಿ. ಮದುವೆಗೆ ಮುಂಚಿನಿಂದಲೂ ಮೈಗ್ರೇನ್ ಇದೆ. ಹತ್ತು ದಿನದಿಂದ ತಲೆನೋವು ಜಾಸ್ತಿಯಾಗಿದೆ. ಮೆಡಿಕಲ್ ಶಾಪ್‌ನಲ್ಲಿ ಹೇಳಿದ್ದಕ್ಕೆ ಎರಡು ಗುಲಾಬಿ ಬಣ್ಣದ ಮಾತ್ರೆ ಕತ್ತರಿಸಿ ಕೊಟ್ಟರು. ತಗೊಂಡೆ, ಕಡಿಮೆ ಆಯಿತು, ಆದರೆ ಹೆಸರು ಗೊತ್ತಿಲ್ಲ. ಅದೇ ಅಂಗಡಿಯವರು ನಮ್ಮ ಡಾಕ್ಟರ್ ಬರೆದಿದ್ದ ಎಕೋಸ್ಪ್ರಿನ್ ನೋಡಿ, ಇದು ಆಸ್ಪಿರಿನ್, ಬಸುರಿಯರು ತಗೋಬಾರದು ಅಂದರು. ಅವತ್ತೇ ನಿಲ್ಲಿಸಿದೆ. (ನನ್ನ ಅಕ್ಕನಿಗೆ ಬಸುರಿನಲ್ಲಿ ಬಿಪಿ ಏರಿ ಎಂಟನೇ ತಿಂಗಳಲ್ಲೇ ಸಿಸೇರಿಯನ್ ಆಗಿತ್ತು, ಅದಕ್ಕೇ ಡಾಕ್ಟರ್ ಅದನ್ನು ಬರೆದಿದ್ದರು.) ಡೋಲೋ ತಗೊಳ್ಳೋಣ ಅಂದರೆ ಪ್ಯಾರಾಸಿಟಮಾಲ್‌ನಿಂದ ಮಗುವಿಗೆ ಆಟಿಸಂ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಮ್ಮ ಅತ್ತೆ ಯಾವ ಮಾತ್ರೆಯೂ ಬೇಡ, ಅಮೃತಾಂಜನ ಹಚ್ಚಿಕೋ, ತಡ್ಕೋ ಅಂತಾರೆ. ಬಸುರಿ ಅಂತ ಗೊತ್ತಾಗೋ ಮುಂಚೆ, ಮುಟ್ಟಿನ ಹೊಟ್ಟೆನೋವು ಅಂದುಕೊಂಡು ಎರಡು ಮೆಫ್ಟಾಲ್ ಸ್ಪಾಸ್ ಬೇರೆ ತಗೊಂಡಿದ್ದೆ. ಅದೂ ತಲೆ ಕೊರೀತಾ ಇದೆ. ಏನು ಮಾಡಲಿ?
ಓದುಗರು, ತಿಪಟೂರು

ಉತ್ತರ: ಇದನ್ನು ಪೂರ್ತಿ ಓದೋದು ಆಮೇಲೆ ಇರಲಿ. ಇವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ. ತಾಯಿ ಕಾರ್ಡ್ ಜೊತೆಗಿರಲಿ, ಹಿಂದಿನ ತಿಂಗಳುಗಳ ಬಿಪಿ ಅದರಲ್ಲೇ ಬರೆದಿರುತ್ತಾರೆ, ಇವತ್ತಿನದನ್ನು ಅದರ ಪಕ್ಕ ಇಟ್ಟು ನೋಡಬೇಕು.

ಯಾಕೆ ಇಷ್ಟು ಅವಸರ ಅಂತೀರಾ? ನೀವು ಮೂರು ವಿಷಯಗಳನ್ನು ಬೇರೆ ಬೇರೆ ಕಡೆ ಬರೆದಿದ್ದೀರಿ. ಅಕ್ಕನಿಗೆ ಬಿಪಿ ಏರಿದ್ದು, ನಿಮಗೆ ಎಕೋಸ್ಪ್ರಿನ್ ಬರೆದದ್ದು, ಈಗ ಹತ್ತು ದಿನದಿಂದ ತಲೆನೋವು. ಹೆರಿಗೆ ಡಾಕ್ಟರ್ ಕಣ್ಣಿಗೆ ಈ ಮೂರೂ ಒಂದೇ ವಿಷಯ. 20 ವಾರ ದಾಟಿದ ಬಸುರಿ ತಲೆನೋವು ಅಂದಾಗ ನಾವು ಮಾತ್ರೆಗೆ ಕೈ ಹಾಕುವುದಿಲ್ಲ, ಬಿಪಿ ಮೆಷಿನ್‌ಗೆ ಕೈ ಹಾಕುತ್ತೇವೆ. ಬಸಿರಿನಲ್ಲಿ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಲಿವರ್ರಿಗೆ ಕಿಡ್ನಿಗೆ ಮಿದುಳಿಗೆ ತೊಂದರೆ ಮಾಡುವ ಕಾಯಿಲೆಗೆ ಪ್ರೀ-ಎಕ್ಲಾಂಪ್ಸಿಯಾ ಅಂತಾರೆ. ನಮ್ಮಲ್ಲಿ ಜನ ಸುಮ್ನೆ ‘ಬಿಪಿ ಬಂತು’ ಅಂತ ಹೇಳೋದು ಹೆಚ್ಚಾಗಿ ಇದಕ್ಕೇ. ಮೊದಮೊದಲು ಇದರಲ್ಲಿ ಏನೂ ಗೊತ್ತಾಗದೇ ಇರಬಹುದು. ತಲೆನೋವೇ ಮೊದಲ ಸುಳಿವು ಆಗಬಹುದು. ಆ ಸುಳಿವನ್ನು ಮಾತ್ರೆ ಹಾಕಿ ಅಡಗಿಸಿಬಿಟ್ಟರೆ ನೋವು ಹೋಗುತ್ತೆ, ಒಳಗೆ ಬಿಪಿ ಏರುತ್ತಲೇ ಇರುತ್ತೆ.

ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅವತ್ತೇ ನಿಮ್ಮ ಡಾಕ್ಟರಿಗೆ ತಿಳಿಸಿ. 160/110 ಮುಟ್ಟಿದರೆ ಮನೆಗೆ ಬರಬೇಡಿ, ಅಲ್ಲಿಂದಲೇ ಹೆರಿಗೆ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚಿದ ಹಾಗೆ ಆಗುವುದು, ಎದೆಗುಂಡಿಯ ಕೆಳಗೆ ಅಥವಾ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಏದುಸಿರು, ಇದರಲ್ಲಿ ಒಂದು ಇದ್ದರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬಿಪಿ ಸರಿ ಇದ್ದರೆ ಬಹಳ ಒಳ್ಳೆಯದು. ಆಗ ಇದು ನಿಮ್ಮ ಹಳೇ ಮೈಗ್ರೇನ್, ಅಥವಾ ನಿದ್ದೆಗೆಟ್ಟಿದ್ದು, ಊಟ ತಡ ಆಗಿದ್ದು, ನೀರು ಕಡಿಮೆ ಕುಡಿದದ್ದು ಅಂತ ನೆಮ್ಮದಿಯಾಗಿ ಯೋಚನೆ ಮಾಡಬಹುದು. ಬಸುರಿ ಆದ ಮೇಲೆ ಕಾಫಿ ಪೂರ್ತಿ ಬಿಟ್ಟವರಿಗೂ ಕೆಲವು ದಿನ ತಲೆ ಸಿಡಿಯುತ್ತೆ. ಬೆಳಿಗ್ಗೆ ಒಂದು, ಸಂಜೆ ಒಂದು ಸಣ್ಣ ಲೋಟ ಕಾಫಿ ಕುಡಿದರೆ ತೊಂದರೆ ಇಲ್ಲ. ಬಸಿರಿನಲ್ಲಿ ದಿನಕ್ಕೆ 200 ಮಿ.ಗ್ರಾಂ ಕೆಫೀನ್ ದಾಟಬಾರದು ಅಂತ ಲೆಕ್ಕ, ಅಷ್ಟೆ. ಗಟ್ಟಿ ಡಿಕಾಕ್ಷನ್ ಆದರೆ ಸ್ವಲ್ಪ ಕೈ ಹಿಡಿದು ಹಾಕಿಕೊಳ್ಳಿ.

ಈಗ ಎಕೋಸ್ಪ್ರಿನ್. ಅದನ್ನು ನಿಲ್ಲಿಸಿದ್ದು ಸರಿ ಆಗಲಿಲ್ಲ. ಅಂಗಡಿಯವರು ಹೇಳಿದ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ನೀವು ನಂಬಿದ್ದೀರಿ. ಎಕೋಸ್ಪ್ರಿನ್ ಆಸ್ಪಿರಿನ್ ಹೌದು. ಆದರೆ ನೀರಲ್ಲಿ ಕರಗಿಸಿ ಕುಡಿಯುವ ಡಿಸ್ಪ್ರಿನ್‌ನಲ್ಲಿ 300 ಮಿ.ಗ್ರಾಂಗಿಂತ ಜಾಸ್ತಿ ಆಸ್ಪಿರಿನ್ ಇದೆ, ಅದು ನೋವಿಗೆ. ಡಾಕ್ಟರ್ ಬಸುರಿಗೆ ಬರೆಯೋದು 75 ಅಥವಾ 150 ಮಿ.ಗ್ರಾಂ, ದಿನಕ್ಕೆ ಒಂದೇ ಸಲ, ಅದು ನೋವಿಗೆ ಅಲ್ಲವೇ ಅಲ್ಲ. ಇಷ್ಟು ಸಣ್ಣ ಡೋಸ್ ರಕ್ತದ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನು ಕಡಿಮೆ ಮಾಡಿ, ಕಸಕ್ಕೆ, ಅಂದರೆ ಪ್ಲಾಸೆಂಟಾಗೆ, ರಕ್ತ ಚೆನ್ನಾಗಿ ಹರಿಯಲು ಸಹಾಯ ಮಾಡುತ್ತೆ. ಬಿಪಿ ಬರುವ ಸಾಧ್ಯತೆ ಜಾಸ್ತಿ ಇರುವವರಿಗೆ 12ರಿಂದ 16 ವಾರದೊಳಗೆ ಇದನ್ನು ಶುರು ಮಾಡುತ್ತೇವೆ. 2017ರಲ್ಲಿ ಹೊರಬಂದ ಆಸ್ಪ್ರೆ ಎಂಬ ದೊಡ್ಡ ಅಧ್ಯಯನದಲ್ಲಿ, ಅಪಾಯ ಹೆಚ್ಚಿರುವ ಬಸುರಿಯರಿಗೆ ದಿನಾ ರಾತ್ರಿ 150 ಮಿ.ಗ್ರಾಂ ಕೊಟ್ಟಾಗ, 37 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗಿ ಬರುವ ಪ್ರೀ-ಎಕ್ಲಾಂಪ್ಸಿಯಾ ಅರ್ಧಕ್ಕಿಂತ ಹೆಚ್ಚು ಕಡಿಮೆ ಆಯಿತು. ಚೊಚ್ಚಲ ಬಸಿರು, ಒಡಹುಟ್ಟಿದ ಅಕ್ಕನಿಗೆ ಬಿಪಿ ಆಗಿ ಬೇಗ ಹೆರಿಗೆ. ನಿಮ್ಮ ಡಾಕ್ಟರ್ ಸರಿಯಾಗಿಯೇ ಯೋಚನೆ ಮಾಡಿ ಬರೆದಿದ್ದಾರೆ. ಇವತ್ತೇ ಅವರಿಗೆ ಫೋನ್ ಮಾಡಿ, ಇಷ್ಟು ದಿನ ಬಿಟ್ಟಿದ್ದೇನೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ, ಅವರು ಹೇಳಿದ ಹಾಗೆ ಮತ್ತೆ ಶುರು ಮಾಡಿ. ಯಾವಾಗ ನಿಲ್ಲಿಸಬೇಕು ಅಂತಲೂ ಅವರೇ ಹೇಳುತ್ತಾರೆ, ಸಾಮಾನ್ಯವಾಗಿ 36 ವಾರದ ಹೊತ್ತಿಗೆ. ಡಾಕ್ಟರ್ ಬರೆದ ಮಾತ್ರೆಯನ್ನು ಅಂಗಡಿಯವರ ಮಾತು ಕೇಳಿ ಬಿಡಬೇಡಿ. ಅನುಮಾನ ಬಂದರೆ ಬರೆದವರನ್ನೇ ಕೇಳಿ. ಅವರು ಸಿಡುಕಿದರೂ ಪರವಾಗಿಲ್ಲ, ಕೇಳಿ.

ಇನ್ನು ಆ ಗುಲಾಬಿ ಮಾತ್ರೆ. ಬಣ್ಣ ನೋಡಿ ನಾನು ಏನೂ ಹೇಳಲಾರೆ. ಅದು ಪ್ಯಾರಾಸಿಟಮಾಲ್ ಇರಬಹುದು, ಡೈಕ್ಲೋಫೆನಾಕ್ ಇರಬಹುದು, ಮೂರು ಔಷಧಿ ಸೇರಿಸಿದ್ದೂ ಇರಬಹುದು. ಇದು ನಮ್ಮ ಊರುಗಳಲ್ಲಿ ದಿನಾ ನಡೆಯುವ ಕಥೆ. ಹತ್ತು ಮಾತ್ರೆಯ ಸ್ಟ್ರಿಪ್‌ನಿಂದ ಕತ್ತರಿಯಲ್ಲಿ ಎರಡು ಕತ್ತರಿಸುತ್ತಾರೆ. ಹೆಸರು ಒಂದು ತುಂಡಿನಲ್ಲಿ ಉಳಿಯುತ್ತೆ, ಎಕ್ಸ್‌ಪೈರಿ ತಾರೀಖು ಇನ್ನೊಂದರಲ್ಲಿ. ನಿಮ್ಮ ಕೈಗೆ ಬರೋದು ಎರಡು ಗುಳಿಗೆ, ಹಿಂದೆ ಬೆಳ್ಳಿ ಹಾಳೆಯ ಮೇಲೆ ಅರ್ಧ ಹರಿದ ನಾಲ್ಕು ಅಕ್ಷರ. ಇನ್ನು ಮುಂದೆ ಹೀಗೆ ತಗೋಬೇಡಿ. ಹೆಸರು ಇರುವ ಕಡೆಯಿಂದಲೇ ಕೊಡಿ ಅನ್ನಿ, ಇಲ್ಲದಿದ್ದರೆ ಪೂರ್ತಿ ಸ್ಟ್ರಿಪ್ ತಗೊಳ್ಳಿ. ಅಷ್ಟೂ ಆಗದಿದ್ದರೆ ಅಂಗಡಿಯಲ್ಲೇ ಸ್ಟ್ರಿಪ್‌ನ ಹಿಂಭಾಗದ ಫೋಟೋ ತೆಗೆದುಕೊಳ್ಳಿ. ಬಸುರಿ ಅಂತ ಮೊದಲೇ ಹೇಳಿ. ಆರನೇ ತಿಂಗಳಲ್ಲಿ ನಿಮ್ಮನ್ನು ನೋಡಿದರೆ ಗೊತ್ತಾಗಬಹುದು, ಆದರೆ ಔಷಧಿ ತರಲು ಬಹಳಷ್ಟು ಸಲ ಹೋಗೋದು ಗಂಡನೋ ಮೈದುನನೋ ಅಲ್ವಾ? ಅವರು ತಲೆನೋವಿಗೆ ಒಂದು ಕೊಡಿ ಅಂದರೆ ಅಂಗಡಿಯವರು ಅವರಿಗೇ ನೋವು ಅಂದುಕೊಂಡು ಕೊಡುತ್ತಾರೆ.

ಸ್ಟ್ರಿಪ್‌ನಲ್ಲಿ ದೊಡ್ಡಕ್ಷರದಲ್ಲಿ ಇರೋದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಅದರ ಹತ್ತಿರವೇ ಸಣ್ಣಕ್ಷರದಲ್ಲಿ ಒಳಗಿರುವ ಔಷಧಿಯ ಹೆಸರು ಮತ್ತು ಎಷ್ಟು ಮಿ.ಗ್ರಾಂ ಅಂತ ಇರುತ್ತೆ. ನೀವು ಓದಬೇಕಾದ್ದು ಅದನ್ನು. ಪ್ಯಾರಾಸಿಟಮಾಲ್ ಅಂತ ಒಂದೇ ಹೆಸರು ಇದ್ದರೆ ಅದು ಬಸುರಿಯರಿಗೆ ಆಗುವ ಮಾತ್ರೆ. ಅದರ ಜೊತೆಗೆ ಅಥವಾ ಅದರ ಬದಲು ಐಬುಪ್ರೊಫೆನ್, ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್, ನಿಮೆಸುಲೈಡ್, ಮೆಫೆನಾಮಿಕ್ ಆಸಿಡ್, ನ್ಯಾಪ್ರೊಕ್ಸೆನ್, ಕೆಟೊರೊಲಾಕ್ ಅಂತ ಯಾವುದೇ ಹೆಸರು ಇದ್ದರೂ ಕೆಳಗಿಡಿ. ಇವೆಲ್ಲ ಒಂದೇ ಗುಂಪಿನವು. ಕಾಂಬಿಫ್ಲಾಮ್ ಅನ್ನು ಎಷ್ಟೋ ಮನೆಗಳಲ್ಲಿ ‘ಜ್ವರದ ಮಾತ್ರೆ’ ಅಂತಲೇ ಇಟ್ಟಿರುತ್ತಾರೆ. ಅದರಲ್ಲಿ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಜೊತೆ 400 ಮಿ.ಗ್ರಾಂ ಐಬುಪ್ರೊಫೆನ್ ಇದೆ. ಜೆರೋಡಾಲ್-ಪಿ ಅಂತ ಕೊನೆಯಲ್ಲಿ ‘ಪಿ’ ಇದ್ದರೆ ಪ್ಯಾರಾಸಿಟಮಾಲ್ ಸೇರಿದೆ ಅಂತ ಅರ್ಥ, ಅಷ್ಟಕ್ಕೇ ಅದು ಬಸುರಿಗೆ ಆಗುವ ಮಾತ್ರೆ ಆಗಿಬಿಡುವುದಿಲ್ಲ, ಮುಖ್ಯ ಔಷಧಿ ಎಸಿಕ್ಲೋಫೆನಾಕ್ ಒಳಗೆ ಕೂತೇ ಇರುತ್ತೆ. ಸುಮೋದಲ್ಲಿ ನಿಮೆಸುಲೈಡ್ ಇದೆ. ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್, ಕೆಫೀನ್ ಜೊತೆ ಪ್ರೊಪಿಫೆನಾಜೋನ್ ಅನ್ನುವ ಹಳೇ ಕಾಲದ ನೋವಿನ ಔಷಧಿ ಇದೆ, ಅದೂ ಬೇಡ.

ಯಾಕೆ ಬೇಡ ಅಂತ ಗೊತ್ತಿದ್ದರೆ ಮರೆಯೋದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಮೈಯಲ್ಲಿ ನೋವು, ಊತ ಹುಟ್ಟಿಸುವ ಪ್ರೋಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಇದೆ. ಈ ಗುಂಪಿನ ಮಾತ್ರೆಗಳು ಅದು ತಯಾರಾಗದ ಹಾಗೆ ತಡೆಯುತ್ತವೆ, ನೋವು ಹೋಗುತ್ತೆ. ಆದರೆ ಹೊಟ್ಟೆಯೊಳಗಿನ ಮಗುವಿಗೆ ಅದೇ ಪ್ರೋಸ್ಟಾಗ್ಲಾಂಡಿನ್ ಬೇಕು. ಮಗುವಿನ ಕಿಡ್ನಿಗೆ ರಕ್ತ ಹರಿಯಲು ಅದು ಬೇಕು. ಐದನೇ ತಿಂಗಳ ಹೊತ್ತಿಗೆ ಗರ್ಭದ ನೀರು ಅಂತ ಇರೋದೇ ಬಹುಪಾಲು ಮಗುವಿನ ಮೂತ್ರ. ಕಿಡ್ನಿ ಕೆಲಸ ಕುಗ್ಗಿದರೆ ನೀರು ಕಡಿಮೆ ಆಗುತ್ತೆ. ಎರಡನೆಯದು ಹೃದಯದ ವಿಷಯ. ಹುಟ್ಟುವ ತನಕ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ, ಹಾಗಾಗಿ ರಕ್ತ ಅಲ್ಲಿಗೆ ಜಾಸ್ತಿ ಹೋಗದೆ ಡಕ್ಟಸ್ ಅನ್ನುವ ಒಂದು ಸಣ್ಣ ಕೊಳವೆಯಿಂದ ಪಕ್ಕಕ್ಕೆ ಹರಿದುಹೋಗುತ್ತೆ. ಆ ಕೊಳವೆಯನ್ನು ತೆರೆದಿಡೋದೂ ಪ್ರೋಸ್ಟಾಗ್ಲಾಂಡಿನ್ನೇ. ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳಬೇಕು, ಹೊಟ್ಟೆಯಲ್ಲಿರುವಾಗಲೇ ಮುಚ್ಚಿಕೊಂಡರೆ ಹೃದಯದ ಮೇಲೆ, ಶ್ವಾಸಕೋಶದ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತೆ. ಈ ಅಪಾಯ ಏಳನೇ ತಿಂಗಳಿಂದ ಮುಂದಕ್ಕೆ ಜಾಸ್ತಿ. ಮೊದಲೆಲ್ಲ 30 ವಾರದ ನಂತರ ಕೊಡಬೇಡಿ ಅಂತ ಇತ್ತು. ಗರ್ಭದ ನೀರು ಕಡಿಮೆಯಾದ ಪ್ರಕರಣಗಳನ್ನು ನೋಡಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಅಕ್ಟೋಬರ್‌ನಲ್ಲಿ ಅದನ್ನು 20 ವಾರಕ್ಕೆ ಇಳಿಸಿತು. ಸಣ್ಣ ಡೋಸ್ ಆಸ್ಪಿರಿನ್‌ಗೆ ಮಾತ್ರ ವಿನಾಯಿತಿ ಕೊಟ್ಟಿತು, ನಿಮ್ಮ ಎಕೋಸ್ಪ್ರಿನ್ ಆ ವಿನಾಯಿತಿಯೊಳಗೆ ಬರುತ್ತೆ. 20 ವಾರದ ಮುಂಚೆ ಹಾಗಾದರೆ ತಗೋಬಹುದಾ ಅಂದರೆ, ನಾನು ಬೇಡ ಅಂತಲೇ ಹೇಳುತ್ತೇನೆ. ಮೊದಲ ತಿಂಗಳುಗಳಲ್ಲಿ ಗರ್ಭಪಾತಕ್ಕೂ ಇವಕ್ಕೂ ಸಂಬಂಧ ಇದೆ ಅಂತ ಕೆಲವು ಅಧ್ಯಯನ, ಇಲ್ಲ ಅಂತ ಕೆಲವು. ಪ್ಯಾರಾಸಿಟಮಾಲ್ ಕೈಯಲ್ಲಿರುವಾಗ ಆ ಗೊಂದಲಕ್ಕೆ ಯಾಕೆ ಹೋಗಬೇಕು?

ಹಾಗಂತ ಆ ಎರಡು ಗುಲಾಬಿ ಮಾತ್ರೆ ನೆನೆಸಿಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಗರ್ಭದ ನೀರು ಕಡಿಮೆ ಆಗೋದು ಸಾಮಾನ್ಯವಾಗಿ ದಿನಗಟ್ಟಲೆ, ವಾರಗಟ್ಟಲೆ ನುಂಗಿದಾಗ. ಅಪರೂಪಕ್ಕೆ ಎರಡು ದಿನದಲ್ಲೂ ಆಗಿದ್ದುಂಟು, ಆದರೆ ನಿಲ್ಲಿಸಿದರೆ ಬಹುತೇಕ ಸರಿ ಹೋಗುತ್ತೆ. ಡಾಕ್ಟರಿಗೆ ಹೇಳಿ, ಮುಂದಿನ ಸ್ಕ್ಯಾನ್‌ನಲ್ಲಿ ನೀರು ಎಷ್ಟಿದೆ ಅಂತ ಹೇಗೂ ನೋಡುತ್ತಾರೆ. ಸಾಧ್ಯವಾದರೆ ಆ ಅಂಗಡಿಗೆ ಹೋಗಿ ಯಾವುದು ಕೊಟ್ಟದ್ದು ಅಂತ ಕೇಳಿ ಬರೆದುಕೊಂಡು ಬನ್ನಿ.

ನಿಮಗೆ ಮೈಗ್ರೇನ್ ಇದೆ ಅಂದದ್ದರಿಂದ ನನಗೆ ಇನ್ನೊಂದು ಭಯ. ಮೈಗ್ರೇನ್‌ಗೆ ಅಂತ ವಾಸೋಗ್ರೇನ್ ಮಾತ್ರೆ ಬಹಳ ಜನ ಬಳಸುತ್ತಾರೆ. ಅದರಲ್ಲಿ ಎರ್ಗೊಟಮಿನ್ ಇದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತೆ, ಗರ್ಭಕೋಶವನ್ನೂ ಹಿಂಡುತ್ತೆ. ಬಸುರಿಯರು ಅದನ್ನು ಮುಟ್ಟಲೇಬಾರದು. ಮದುವೆಗೆ ಮುಂಚಿನ ಚೀಟಿಯ ಮಾತ್ರೆ ಬೀರುವಿನಲ್ಲಿ ಉಳಿದಿದ್ದರೆ ಇವತ್ತೇ ತೆಗೆದು ಹಾಕಿ. ಮೈಗ್ರೇನ್ ಬರದ ಹಾಗೆ ದಿನಾ ತಗೊಳ್ಳುವ ಮಾತ್ರೆ ಏನಾದರೂ ಈಗಲೂ ನಡೀತಾ ಇದ್ದರೆ ಅದರ ಹೆಸರನ್ನೂ ಡಾಕ್ಟರಿಗೆ ಹೇಳಿ. ಅವುಗಳಲ್ಲಿ ವಾಲ್ಪ್ರೊಯೇಟ್ ಮಗುವಿಗೆ ಬಹಳ ಕೆಟ್ಟದ್ದು. (ಇದೇ ಮಾತ್ರೆ ಮೂರ್ಛೆರೋಗಕ್ಕೆ ತಗೊಳ್ಳುತ್ತಿರುವ ಬಸುರಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಬಂದರೆ ಇನ್ನೂ ಅಪಾಯ. ಇವತ್ತೇ ಡಾಕ್ಟರನ್ನು ಕಾಣಿ.)

ಈಗ ಪ್ಯಾರಾಸಿಟಮಾಲ್. ಡೋಲೋ 650, ಕ್ಯಾಲ್ಪಾಲ್, ಸಾದಾ ಕ್ರೋಸಿನ್, ಜನೌಷಧಿ ಅಂಗಡಿಯ ಅಗ್ಗದ ಸ್ಟ್ರಿಪ್, ಎಲ್ಲದರಲ್ಲೂ ಇರೋದು ಅದೇ ಔಷಧಿ. ಬಸಿರಿನ ಒಂಬತ್ತು ತಿಂಗಳೂ ನೋವಿಗೆ, ಜ್ವರಕ್ಕೆ ಮೊದಲ ಆಯ್ಕೆ ಇದೇ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗಡಿ ಅಂತ ಪುಸ್ತಕದಲ್ಲಿದೆ, ಆದರೆ ನಿಮ್ಮ ತೂಕ 48 ಕೆ.ಜಿ., ಆ ಲೆಕ್ಕ ನಿಮಗೆ ಹೊಂದುವುದಿಲ್ಲ. ನೀವು ಒಂದು ಸಲಕ್ಕೆ 500 ಅಥವಾ 650 ಮಿ.ಗ್ರಾಂ ತಗೊಳ್ಳಿ. ನೋವು ಮತ್ತೆ ಬಂದರೆ ಆರು ಗಂಟೆ ಬಿಟ್ಟು ಇನ್ನೊಂದು. ದಿನಕ್ಕೆ 650ರದು ಮೂರು ದಾಟಬೇಡಿ. ಎರಡು ದಿನ ತಗೊಂಡೂ ಮೈಕೈ ನೋವಿನಂಥ ಬೇರೆ ನೋವು ಹೋಗದಿದ್ದರೆ ಮೂರನೇ ದಿನಕ್ಕೆ ಡಾಕ್ಟರ್ ಹತ್ತಿರ ಹೋಗಿ, ಡೋಸ್ ಜಾಸ್ತಿ ಮಾಡಿಕೊಳ್ಳಬೇಡಿ. ಪ್ಯಾರಾಸಿಟಮಾಲ್‌ಗೂ ಜಗ್ಗದ ತಲೆನೋವು ಆದರೆ ಎರಡು ದಿನವೂ ಕಾಯೋದು ಬೇಡ, ಬಿಪಿ ಮತ್ತೆ ನೋಡಿಸಿ. ನಿನ್ನೆ ಸರಿ ಇದ್ದ ಬಿಪಿ ಇವತ್ತು ಏರಿರಬಹುದು. ಲಿವರ್ ತೊಂದರೆ, ಕಾಮಾಲೆ ಆಗಿದ್ದರೆ ಪ್ಯಾರಾಸಿಟಮಾಲನ್ನೂ ಕೇಳದೆ ತಗೋಬಾರದು.

ಮಿತಿ ಮೀರೋದು ಹೇಗೆ ಅಂದರೆ, ಬೇಕಂತ ಯಾರೂ ಮೀರೋದಿಲ್ಲ. ಬೆಳಿಗ್ಗೆ ನೆಗಡಿಗೆ ಸಿನಾರೆಸ್ಟ್ ನುಂಗಿರುತ್ತಾರೆ, ಅದರಲ್ಲೂ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದೆ. ಮಧ್ಯಾಹ್ನ ಮೈಕೈ ನೋವಿಗೆ ಡೋಲೋ, ರಾತ್ರಿ ಜ್ವರಕ್ಕೆ ಕ್ರೋಸಿನ್. ಮೂರು ಹೆಸರು, ಔಷಧಿ ಒಂದೇ. ಜಾಸ್ತಿಯಾದರೆ ಪೆಟ್ಟು ಬೀಳೋದು ಲಿವರ್‌ಗೆ, ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಅದೇ ಅದರ ಕೆಟ್ಟ ಗುಣ. ನೆಗಡಿ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಅಂತ ಮೂಗು ಬಿಡಿಸುವ ಔಷಧಿಯೂ ಇರುತ್ತೆ, ಅದು ರಕ್ತನಾಳ ಬಿಗಿ ಮಾಡಿ ಬಿಪಿ ಏರಿಸಬಹುದು. ಅಕ್ಕನ ಕಥೆ ಇರುವ ನಿಮಗೆ ಅದು ಬೇಡವೇ ಬೇಡ. ಮೂಗು ಕಟ್ಟಿದರೆ ಬಿಸಿನೀರಿನ ಹಬೆ, ಮೆಡಿಕಲ್‌ನಲ್ಲಿ ಸಿಗುವ ಉಪ್ಪುನೀರಿನ ಮೂಗಿನ ಡ್ರಾಪ್ಸ್ ಸಾಕು. ಕ್ರೋಸಿನ್‌ನಲ್ಲೂ ಎಲ್ಲ ಒಂದೇ ಅಲ್ಲ, ಪೇಯ್ನ್ ರಿಲೀಫ್ ಅಂತ ಬರುವುದರಲ್ಲಿ ಕೆಫೀನ್ ಸೇರಿದೆ. ಸಾದಾದ್ದನ್ನೇ ಕೇಳಿ ತಗೊಳ್ಳಿ.

ಆಟಿಸಂ ವಿಷಯ. ಈ ಸುದ್ದಿ ಸುಮ್ಮನೆ ಹುಟ್ಟಿಕೊಂಡದ್ದಲ್ಲ, ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ. 2025ರ ಸೆಪ್ಟೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಪತ್ರಿಕಾಗೋಷ್ಠಿ ಕರೆದು, ಬಸುರಿಯರು ಟೈಲೆನಾಲ್ ತಗೋಬೇಡಿ, ಅದಕ್ಕೂ ಆಟಿಸಂಗೂ ಸಂಬಂಧ ಇದೆ ಅಂದರು. ಟೈಲೆನಾಲ್ ಅಂದರೆ ಅಲ್ಲಿಯ ಪ್ಯಾರಾಸಿಟಮಾಲ್. ಆ ಮಾತು ಎರಡೇ ದಿನದಲ್ಲಿ ನಮ್ಮೂರಿನ ಫ್ಯಾಮಿಲಿ ಗ್ರೂಪ್‌ಗಳಿಗೂ ಬಂತು. ಅಮೆರಿಕದ ಹೆರಿಗೆ ತಜ್ಞರ ಸಂಘ, ಯುರೋಪಿನ ಔಷಧ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಲಿಲ್ಲ. ಆ ಸಮಾಧಾನದ ಮಾತು ಮಾತ್ರ ಅಷ್ಟು ಬೇಗ ಫಾರ್ವರ್ಡ್ ಆಗಲಿಲ್ಲ.

ಕೆಲವು ಅಧ್ಯಯನಗಳಲ್ಲಿ ಸಣ್ಣ ಸಂಬಂಧ ಕಂಡಿದೆ ಅನ್ನೋದು ನಿಜ. ಆದರೆ ಯೋಚನೆ ಮಾಡಿ, ಬಸುರಿನಲ್ಲಿ ಪ್ಯಾರಾಸಿಟಮಾಲ್ ಜಾಸ್ತಿ ತಗೊಳ್ಳೋದು ಯಾರು? ಪದೇ ಪದೇ ಜ್ವರ ಬಂದವರು, ಸೋಂಕು ಆದವರು, ನಿಮ್ಮ ಹಾಗೆ ಮೈಗ್ರೇನ್ ಇರುವವರು. ಮಗುವಿಗೆ ವ್ಯತ್ಯಾಸ ಆಗಿದ್ದರೆ ಅದು ಮಾತ್ರೆಯಿಂದಲೋ, ಆ ಜ್ವರದಿಂದಲೋ, ಮನೆತನದಲ್ಲಿ ಹರಿದು ಬಂದ ಗುಣದಿಂದಲೋ ಹೇಗೆ ಬೇರೆ ಮಾಡೋದು? ಸ್ವೀಡನ್‌ನಲ್ಲಿ ಅದಕ್ಕೊಂದು ಒಳ್ಳೆಯ ದಾರಿ ಹಿಡಿದರು. 1995ರಿಂದ 2019ರವರೆಗೆ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ತೆಗೆದರು. ಎಲ್ಲರನ್ನೂ ಒಟ್ಟಿಗೆ ಹೋಲಿಸಿದಾಗ ತುಸುವೇ ಹೆಚ್ಚಳ ಕಂಡಿತು. ಆಮೇಲೆ ಒಂದೇ ತಾಯಿಯ ಮಕ್ಕಳನ್ನು, ಒಂದು ಬಸುರಿನಲ್ಲಿ ಮಾತ್ರೆ ತಗೊಂಡು ಇನ್ನೊಂದರಲ್ಲಿ ತಗೊಳ್ಳದೆ ಹೆತ್ತ ಮಕ್ಕಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಆ ಹೆಚ್ಚಳ ಮಾಯವಾಯಿತು. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಬುದ್ಧಿಮಾಂದ್ಯ ಯಾವುದಕ್ಕೂ ಸಂಬಂಧ ಉಳಿಯಲಿಲ್ಲ. ಇದು ಪ್ರಕಟವಾದದ್ದು 2024ರ ಏಪ್ರಿಲ್‌ನಲ್ಲಿ, ಟ್ರಂಪ್ ಮಾತಾಡುವ ಮುಂಚೆಯೇ. ಎಚ್ಚರಿಕೆ ಇರಲಿ ಅಂತ ಹೇಳುವ ವಿಜ್ಞಾನಿಗಳೂ ಇದ್ದಾರೆ, 2021ರಲ್ಲಿ 91 ಜನ ಸೇರಿ ಹೇಳಿಕೆ ಕೊಟ್ಟಿದ್ದರು. ಅವರೂ ಕೇಳಿದ್ದು ಏನು? ಕಾರಣ ಇಲ್ಲದೆ ನುಂಗಬೇಡಿ, ಬೇಕಾದಾಗ ಕಡಿಮೆ ಡೋಸ್, ಕಡಿಮೆ ದಿನ. ಅದಕ್ಕೆ ನನ್ನದೂ ಒಪ್ಪಿಗೆ ಇದೆ. ನಾನು ಮೇಲೆ ಬರೆದ ಲೆಕ್ಕವೂ ಅದೇ.

ನಿಮ್ಮ ಅತ್ತೆಯವರಿಗೆ ನಾನು ಹೇಳಿದೆ ಅಂತ ಹೇಳಿ: ಅಮ್ಮಾ, ಮಗು ಮೇಲಿನ ನಿಮ್ಮ ಕಾಳಜಿ ಅರ್ಥ ಆಗುತ್ತೆ, ಸಣ್ಣಪುಟ್ಟ ನೋವಿಗೆ ಮಾತ್ರೆ ಬೇಡ ಅನ್ನೋದೂ ಸರಿ. ತಲೆ ಭಾರ ಇದ್ದರೆ ಕತ್ತಲೆ ಕೋಣೆಯಲ್ಲಿ ಒಂದು ಗಂಟೆ ಮಲಗಲಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಒಂದು ಲೋಟ ಮಜ್ಜಿಗೆ ಕೊಡಿ. ಅಮೃತಾಂಜನವನ್ನು ಹಣೆಗೆ ಒಂದು ಚೂರು ಸವರಿದರೆ ಅಡ್ಡಿಯಿಲ್ಲ. ಆದರೆ ಜ್ವರ ಬಂದಾಗ ಮಾತ್ರ ತಡ್ಕೋ ಅನ್ನಬೇಡಿ. ಮೈ ಸುಡುವ ಜ್ವರವೇ ಮಗುವಿಗೆ ಒಳ್ಳೆಯದಲ್ಲ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಮಗುವಿನ ಬೆನ್ನುಹುರಿ, ಮಿದುಳು ರೂಪುಗೊಳ್ಳುವ ಹೊತ್ತಿನಲ್ಲಿ. ಜ್ವರವನ್ನು 650ರ ಒಂದು ಪ್ಯಾರಾಸಿಟಮಾಲ್‌ನಿಂದ ಇಳಿಸೋದೇ ಮಗುವಿಗೆ ಕ್ಷೇಮ. ಇಳಿಸಿದ ಮೇಲೆ ಜ್ವರ ಯಾಕೆ ಬಂತು ಅಂತ ತೋರಿಸಬೇಕು. ಮಳೆಗಾಲದಲ್ಲಿ ಇನ್ನೂ ಜೋಪಾನ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಣೆ ಮಾಡಬೇಕಾಯಿತು. ಡೆಂಗಿ ಇರಬಹುದಾದ ಜ್ವರದಲ್ಲಿ ಕಾಂಬಿಫ್ಲಾಮ್, ಡೈಕ್ಲೋಫೆನಾಕ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಅಲ್ಲಿ ಬಸುರಿ ಆಗಲಿ ಬಿಡಲಿ, ಪ್ಯಾರಾಸಿಟಮಾಲ್ ಒಂದೇ. ಡೆಂಗಿ ಅಂತ ಅನುಮಾನ ಬಂದರೆ ಎಕೋಸ್ಪ್ರಿನ್ ತಗೊಳ್ಳುತ್ತಿದ್ದೇನೆ ಅಂತಲೂ ಆಸ್ಪತ್ರೆಯಲ್ಲಿ ಮರೆಯದೆ ಹೇಳಬೇಕು, ಅಷ್ಟು ದಿನ ಅದನ್ನು ನಿಲ್ಲಿಸಬೇಕಾ ಅಂತ ಅವರು ನೋಡುತ್ತಾರೆ.

ಮೆಫ್ಟಾಲ್ ಸ್ಪಾಸ್ ಬಗ್ಗೆ ಕೇಳಿದ್ದೀರಿ. ಇಂಥ ಪ್ರಶ್ನೆ ನನಗೆ ಬಹಳ ಬರುತ್ತೆ, ಇದರ ಹಿಂದಿರುವ ಭಯ ನೋಡಿದರೆ ಸಂಕಟ ಆಗುತ್ತೆ. ಮುಟ್ಟು ಬರುತ್ತೆ ಅಂದುಕೊಂಡು ಒಂದೆರಡು ಮಾತ್ರೆ ನುಂಗಿದ್ದಕ್ಕೆ ಮಗು ಅಂಗವಿಕಲ ಆಗುತ್ತೆ ಅಂತ ಯಾರೋ ಹೆದರಿಸಿ, ಚೆನ್ನಾಗಿರುವ ಬಸಿರನ್ನೇ ತೆಗೆಸಲು ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿರೋದು ಮೆಫೆನಾಮಿಕ್ ಆಸಿಡ್ ಮತ್ತು ಡೈಸೈಕ್ಲೋಮಿನ್. ಅಷ್ಟು ಬೇಗ, ಅಷ್ಟು ಕಡಿಮೆ ತಗೊಂಡಿದ್ದರಿಂದ ಬಸಿರು ತೆಗೆಸಬೇಕಾದ ಕಾರಣ ಯಾವುದೂ ಇಲ್ಲ. ನಿಮಗೆ ಐದನೇ ತಿಂಗಳ ಅನಾಮಲಿ ಸ್ಕ್ಯಾನ್, ಅಂದರೆ ಮಗುವಿನ ಅಂಗಾಂಗ ಸರಿ ಇದೆಯಾ ಅಂತ ನೋಡುವ ಸ್ಕ್ಯಾನ್, ಆಗಿರುತ್ತೆ. ಅದು ಸರಿ ಇದ್ದರೆ ಈ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಈಗ ಮತ್ತೆ ಹೊಟ್ಟೆನೋವು ಅಂತ ಅದೇ ಮಾತ್ರೆ ಮಾತ್ರ ತಗೋಬೇಡಿ. ಬಿಟ್ಟು ಬಿಟ್ಟು, ಒಂದೇ ಸಮನಾದ ಅಂತರದಲ್ಲಿ ಹೊಟ್ಟೆ ಗಟ್ಟಿಯಾಗಿ ಸಡಿಲ ಆಗುತ್ತಿದ್ದರೆ ಅದು ದಿನ ತುಂಬುವ ಮುಂಚೆ ಬಂದ ಹೆರಿಗೆ ನೋವು ಇರಬಹುದು. ಸೊಂಟದ ಮೇಲೆ ಒಂದು ಪಕ್ಕ ನೋವು, ಚಳಿಜ್ವರ, ಉರಿಮೂತ್ರ ಇದ್ದರೆ ಕಿಡ್ನಿಗೆ ಸೋಂಕು ಏರಿರಬಹುದು. ಎರಡಕ್ಕೂ ಬೇಕಾದ್ದು ಆಸ್ಪತ್ರೆ.

ಬಸುರಿಯರ ಸಾದಾ ಸೊಂಟನೋವಿಗೆ ಬಿಸಿನೀರಿನ ಚೀಲ, ಎಡ ಮಗ್ಗುಲಲ್ಲಿ ಮಲಗಿ ಮೊಣಕಾಲಿನ ನಡುವೆ ಒಂದು ದಿಂಬು, ದಿನಾ ಸ್ವಲ್ಪ ನಡಿಗೆ, ಇಷ್ಟರಿಂದ ಬಹಳಷ್ಟು ಕಡಿಮೆ ಆಗುತ್ತೆ. ನೋವಿನ ಜೆಲ್ ಬಗ್ಗೆ ಒಂದು ಮಾತು. ವೊಲಿನಿಯಂಥದ್ದರಲ್ಲಿ ಡೈಕ್ಲೋಫೆನಾಕ್ ಇರುತ್ತೆ, ಸ್ವಲ್ಪವೇ ಆದರೂ ಚರ್ಮದಿಂದ ಒಳಗೆ ಹೋಗುತ್ತೆ. ಕೊನೆಯ ಮೂರು ತಿಂಗಳಲ್ಲಿ ಹಚ್ಚಲೇಬೇಡಿ, ನಿಮ್ಮ ಈಗಿನ ವಾರಗಳಲ್ಲೂ ದಿನಾ ಬೆನ್ನಿಗೆಲ್ಲ ತಿಕ್ಕಿಸಿಕೊಳ್ಳೋದು ಬೇಡ. ಹಲ್ಲುನೋವಿಗೆ ಮಾತ್ರೆ ಮೇಲೆ ಮಾತ್ರೆ ನುಂಗಿ ಹೆರಿಗೆ ಆಗಲಿ ಅಂತ ಕಾಯುವವರು ಬಹಳ. ಬಸುರಿನಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಬಹುದು, ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ನೂ ಆಗುತ್ತೆ, ಅದಕ್ಕೆ ಅನುಕೂಲವಾದ ಕಾಲ ನಿಮ್ಮ ಈಗಿನ ತಿಂಗಳುಗಳೇ.

ಕ್ಲಿನಿಕ್‌ನಲ್ಲಿ ಹಾಕುವ ನೋವಿನ ಇಂಜೆಕ್ಷನ್ ಬಗ್ಗೆಯೂ ಎಚ್ಚರ. ಮೈಕೈ ನೋವು ಅಂದ ಕೂಡಲೇ ಸೊಂಟಕ್ಕೆ ಒಂದು ಸೂಜಿ ಹಾಕಿ ಕಳಿಸುವ ಕಡೆಗಳಲ್ಲಿ ಅದು ಎಷ್ಟೋ ಸಲ ಡೈಕ್ಲೋಫೆನಾಕ್ ಆಗಿರುತ್ತೆ. ಸೂಜಿ ಹಾಕಿಸಿಕೊಳ್ಳುವ ಮುಂಚೆ ಇದು ಯಾವ ಇಂಜೆಕ್ಷನ್ ಅಂತ ಕೇಳಿ. ಸೊಂಟನೋವಿಗೆ, ಮಂಡಿನೋವಿಗೆ ಹೆಸರಿಲ್ಲದ ಪುಡಿ ಪೊಟ್ಟಣ ಕೊಡುವವರ ಹತ್ತಿರ ಹೋಗಲೇಬೇಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್, ಇದೇ ನೋವಿನ ಮಾತ್ರೆಗಳ ಪುಡಿ ಬೆರೆಸಿರೋದು ಸಿಕ್ಕಿದ್ದುಂಟು.

ಬಿಪಿ ನೋಡಿಸಲು ದುಡ್ಡಿನ ಯೋಚನೆ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ, ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರ್ ತಪಾಸಣೆಯೂ ಉಚಿತ. ಆದರೆ ನೀವು 9ರ ತನಕ ಕಾಯಬೇಡಿ. ಇವತ್ತು ಬಿಪಿ ಸರಿ ಬಂದರೂ, ನಿಮ್ಮ ಮನೆತನದ ಕಥೆ ನೋಡಿದರೆ ಹೆರಿಗೆ ತನಕ ವಾರಕ್ಕೊಂದು ಸಲ ನೋಡಿಸೋದು ಒಳ್ಳೆಯದು. ಆಶಾ ಕಾರ್ಯಕರ್ತೆಗೆ ಹೇಳಿಡಿ, ಎಲ್ಲಿ ಯಾವಾಗ ಹೋಗಬೇಕು ಅಂತ ಅವರು ನೋಡಿಕೊಳ್ಳುತ್ತಾರೆ. ಬಿಪಿ ಏರಿದ್ದರೂ ಹೆದರಬೇಡಿ, ಲ್ಯಾಬೆಟಲಾಲ್, ನಿಫೆಡಿಪಿನ್‌ನಂಥ ಬಸುರಿನಲ್ಲಿ ಕೊಡಬಹುದಾದ ಮಾತ್ರೆಗಳು ಇವೆ. ಬೇಗ ಗೊತ್ತಾದರೆ ಮಾಡುವುದಕ್ಕೆ ಬಹಳ ಇದೆ.

ಇನ್ನೊಂದು, ಈಗಲೇ ಹೇಳಿಬಿಡುತ್ತೇನೆ. ಹೆರಿಗೆ ಆದ ಮೇಲೆ ಹೊಲಿಗೆ ನೋವಿಗೆ ಡಾಕ್ಟರ್ ಐಬುಪ್ರೊಫೆನ್ ಬರೆದರೆ ಗಾಬರಿ ಆಗಬೇಡಿ. ಅದು ಎದೆಹಾಲಿಗೆ ಹೋಗೋದು ಬಹಳ ಕಡಿಮೆ, ಪ್ಯಾರಾಸಿಟಮಾಲ್ ಹಾಗೇ ಅದನ್ನೂ ಹಾಲುಣಿಸುವವರು ತಗೋಬಹುದು. ಮಾತ್ರೆ ತಗೊಂಡೆ ಅಂತ ಮಗುವಿಗೆ ಹಾಲು ನಿಲ್ಲಿಸಬೇಡಿ. ಬಾಣಂತನದ ಮೊದಲ ಒಂದೆರಡು ವಾರದಲ್ಲೂ ಬಿಪಿ ಏರಬಹುದು, ಹೆರಿಗೆ ಆಯ್ತಲ್ಲ ಅಂತ ಆಗ ಯಾರೂ ನೋಡಿಸೋದಿಲ್ಲ. ಬಾಣಂತಿಗೆ ತಲೆನೋವು ಅಂದರೂ ಮೊದಲು ಬಿಪಿನೇ ನೋಡಿಸಿ.